ತಡವಾದ ಸ್ವದೇಶ ಪ್ರಯಾಣ

ಮಕ್ಕಳನ್ನೂ ಪೆಟ್ಟಿಗೆಗಳನ್ನೂ ಸಿದ್ಧಪಡಿಸಿ ಕುಟುಂಬವನ್ನು ಪ್ರಯಾಣ ಹೊರಡಿಸುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಈಗ ಸ್ವಾನುಭವದಿಂದಲೇ ಬಲ್ಲರು. ವಿಕ್ಟೋರಿಯಾ ರಾಣಿಯವರ ಆಳಿಕೆಯಲ್ಲಿ (1837–1901) ಇಂಡಿಯಾ ದೇಶದಲ್ಲಿದ್ದ ಇಂಗ್ಲಿಷ್ ಕುಟುಂಬವೊಂದು ಸ್ವದೇಶಕ್ಕೆ ಮರಳಬೇಕಾದರೆ ಯಾವ ಏರ್ಪಾಡುಗಳು ನಡೆಯಬೇಕಾಗಿದ್ದುವು, ಆ ಪ್ರಯಾಣವು ಏಕೆ ತಡವಾಗುತ್ತಿದ್ದಿತು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆನು.

ಆ ಆಳಿಕೆಯ ಆರಂಭದಲ್ಲಿ ಹಾಯಿಹಡಗುಗಳು ಆಫ್ರಿಕ ಖಂಡದ ದಕ್ಷಿಣ ತುದಿಯನ್ನು ಬಳಸಿಕೊಂಡು ಹೋಗುತ್ತಿದ್ದುವು. ಇದಕ್ಕೆ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತಿದ್ದಿತು. ಉಗಿಹಡಗುಗಳು ಬಂದ ಮೇಲೆ ಜನರು ಕೆಂಪು ಸಮುದ್ರದ ಮಾರ್ಗವಾಗಿ ಸೂಯೆಜಿಗೆ ಹೋಗಿ, ಅಲ್ಲಿಂದ ಕೈರೋ ಪಟ್ಟಣಕ್ಕೆ ಸುಮಾರು 80 ಮೈಲಿ ಮರುಭೂಮಿಯನ್ನು ಬಂಡಿಗಳಲ್ಲಿ ದಾಟಿ, ಅಲೆಕ್ಸಾಂಡ್ರಿಯದಲ್ಲಿ ಬೇರೊಂದು ಹಡಗನ್ನು ಹತ್ತುತ್ತಿದ್ದರು. 1858ರಲ್ಲಿ ಆ ಮರುಭೂಮಿಗೆ ರೈಲುದಾರಿಯಾಯಿತು. 1869ನೆಯ ನವೆಂಬರ್ 17ರಂದು ಸೂಯೆಜ್ ಕಾಲುವೆಯು ತೆರೆಯಲ್ಪಟ್ಟ ಬಳಿಕ ಮಾರ್ಗದ ನಡುವೆ ನೆಲದ ಮೇಲೆ ಸಾಗುವ ಅವಶ್ಯಕತೆಯೇ ತಪ್ಪಿಹೋಯಿತು.

ಮಾರ್ಗವು ಕಿರಿದಾದರೂ ಹೊರಡುವುದು ಸುಲಭವಾಗಲಿಲ್ಲ. ಮೊದಲು ಯಜಮಾನನಿಗೆ ರಜೆಯು ಮಂಜೂರಾಗಬೇಕು. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರವು ಪ್ರಕ್ಷುಬ್ಧವಾಗಿರುವುದು. ಬೇಸಿಗೆಯಲ್ಲಿ ಕೆಂಪು ಸಮುದ್ರದ ಸೆಕೆಯು ಎಳೆಯ ಮಕ್ಕಳಿಗೆ ಅಪಾಯಕರ. ಆದಕಾರಣ ಸೆಕೆಗಾಲಕ್ಕೆ ಮುಂಚಿನ ಹಡಗುಗಳನ್ನೇ ಬಹು ಮಂದಿ ಬಯಸುತ್ತಿದ್ದರು. ಸ್ಥಳವನ್ನು ಬಹಳ ಮೊದಲೇ ಕಾದಿರಿಸಬೇಕಾಗಿದ್ದಿತು. ಮನೆಯ ಮೇಜು ಕುರ್ಚಿಗಳನ್ನು ಹರಾಜಿನಲ್ಲಿ ಮಾರಿದ ಮೇಲೆ ಮಗುವೊಂದಕ್ಕೆ ಜ್ವರ ಬಂದರೆ, ಆ ಕುಟುಂಬವು ಮನೆಯೂ ಇಲ್ಲದೆ ಹಡಗೂ ಇಲ್ಲದೆ ಸ್ನೇಹಿತರ ಆಶ್ರಯದಲ್ಲಿ ದಿನಗಳನ್ನು ಎಣಿಸಬೇಕಾಗುತ್ತಿದ್ದಿತು. ಪ್ರಯಾಣವು ನಿಂತುಹೋಯಿತೆಂಬ ಪತ್ರವಾದರೋ, ಅವರು ಹೋಗಬೇಕಾಗಿದ್ದಂಥ ಟಪಾಲು ಹಡಗಿನಲ್ಲಿಯೇ ಹೋಗುವುದು! ಅಲ್ಲಿಯ ವೃದ್ಧ ತಂದೆತಾಯಿಗಳಿಗೆ ಮಕ್ಕಳಿಗೆ ಬದಲಾಗಿ ಕಾಗದವೇ ದೊರೆಯುತ್ತಿದ್ದಿತು. 1870ರಲ್ಲಿ ಸಮುದ್ರದೊಳಗಿನ ತಂತಿಯು ಬೊಂಬಾಯಿಯನ್ನು ಇಂಗ್ಲೆಂಡಿಗೆ ಜೋಡಿಸಿದಂದಿನಿಂದ ಈ ಸಂಕಟವು ಬಹುಮಟ್ಟಿಗೆ ಕಡಿಮೆಯಾಯಿತು.

ಇಷ್ಟು ಏರ್ಪಾಡುಗಳ ನಡುವೆ ಒಬ್ಬಳ ವಿಷಯವನ್ನು ಅನೇಕರು ಮರೆಯುತ್ತಿದ್ದರು. ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಇಂಡಿಯಾ ದೇಶದ ಆಯಾ ಒಬ್ಬಳು ಜೊತೆಯಲ್ಲಿ ಹೋಗುವುದು ವಾಡಿಕೆಯಾಗಿದ್ದಿತು. ಕುಟುಂಬವು ಮನೆ ಸೇರಿದೊಡನೆ ಅವಳ ಕೆಲಸವು ಮುಗಿಯುತ್ತಿದ್ದಿತು. ಆದರೆ ಅವಳ ಮನೆಯು ಆಗ ಸಾವಿರಾರು ಮೈಲಿ ದೂರ. ಕೆಲವರು ಆಕೆಗೆ ಹಿಂದಿರುಗುವ ಟಿಕೆಟನ್ನು ಕೊಡುತ್ತಿದ್ದರು. ಕೆಲವರು ಆ ಚಳಿಯ ದೇಶದಲ್ಲಿ ಆಕೆಯನ್ನು ಕೈಬಿಡುತ್ತಿದ್ದರು.

ಇಂಥವರಿಗಾಗಿ ಲಂಡನಿನ ಆಲ್ಡ್‌ಗೇಟ್ ಭಾಗದಲ್ಲಿ ಆಯಾಗಳ ವಸತಿಗೃಹವೊಂದಿದ್ದಿತು. ಲಂಡನ್ ಸಿಟಿ ಮಿಷನ್ನಿನವರು ಅದನ್ನು ನಡೆಯಿಸುತ್ತಿದ್ದರು. 1900ರಲ್ಲಿ ಅದು ಹ್ಯಾಕ್ನಿ ಎಂಬ ಭಾಗಕ್ಕೆ ಸ್ಥಳಾಂತರವಾಯಿತು. ಅಲ್ಲಿಯ ಮೇಲ್ವಿಚಾರಕಿಯು ಆಯಾಳ ಮರುಟಿಕೆಟನ್ನು ತನ್ನ ವಶಕ್ಕೆ ತೆಗೆದುಕೊಂಡು, ಇಂಡಿಯಾಕ್ಕೆ ಹೊರಟಿರುವ ಮತ್ತೊಂದು ಕುಟುಂಬವನ್ನು ಹುಡುಕಿ, ಅದನ್ನು ಅವರಿಗೆ ಮಾರುತ್ತಿದ್ದಳು. ಆ ಹಣದಿಂದ ಆಯಾಳ ಊಟ ವಸತಿಗಳ ವೆಚ್ಚವು ನಡೆಯುತ್ತಿದ್ದಿತು. ಆ ಕುಟುಂಬಕ್ಕೆ ದಾದಿಯೂ ಆಯಾಳಿಗೆ ಊರಿನ ದಾರಿಯೂ ದೊರೆಯುತ್ತಿದ್ದುವು. ಇದು ಜಾಣತನದ ಏರ್ಪಾಡೇ ಸರಿ. ಆದರೂ ಅವಳು ತನ್ನ ಊರಿಗೆ ಮರಳುವಾಗಲೂ ಪರರ ಮಕ್ಕಳನ್ನೇ ಎತ್ತಿಕೊಂಡು ಬರಬೇಕಾಗಿದ್ದಿತೆಂಬುದನ್ನೂ, ತಕ್ಕ ಕುಟುಂಬವು ಸಿಕ್ಕುವ ತನಕ ಕಾದಿರಬೇಕಾಗಿದ್ದಿತೆಂಬುದನ್ನೂ ನಾವು ಗಮನಿಸಬೇಕು.

ಹ್ಯಾಕ್ನಿಯ ಆ ಕಟ್ಟಡದ ಮೇಲೆ 2022ರಲ್ಲಿ ಸ್ಮಾರಕ ಫಲಕವೊಂದನ್ನು ಇರಿಸಿದರು. ಈ ಪುಟವನ್ನು ಓದುವ ತಾಯಂದಿರಲ್ಲಿಯೂ ಹೆಣ್ಣುಮಕ್ಕಳಲ್ಲಿಯೂ ಒಂದು ಬಿನ್ನಹ: ನಿಮ್ಮ ಮನೆಯವರ ಪ್ರಯಾಣವನ್ನು ಏರ್ಪಡಿಸುವಾಗ, ನಿಮ್ಮ ಮಕ್ಕಳನ್ನು ಹೊತ್ತು ನಿಮ್ಮೊಡನೆ ಬರುವವಳು ಎಂದು, ಹೇಗೆ, ಯಾರ ಖರ್ಚಿನಲ್ಲಿ ತನ್ನ ಮನೆಯನ್ನು ಸೇರುವಳೆಂಬುದನ್ನೂ ಹೊರಡುವ ಮೊದಲೇ ನಿಶ್ಚಯಿಸಿರಿ.