ಗಣಕಸಮೂಹಕ್ಕೊಂದು ಬಿನ್ನಹ

ಮಾನವನ ಬುದ್ಧಿಯು ನಿರ್ಮಿಸಿದ ಉಪಕರಣಗಳಲ್ಲಿ ಗಣಕಯಂತ್ರವು ಅಗ್ರಗಣ್ಯವಾದುದು. ಒಂದು ಗಣಕಕ್ಕೆ ಮೀರಿದ ಲೆಕ್ಕಾಚಾರವನ್ನು ನೂರಾರು ಗಣಕಗಳು ಒಡಗೂಡಿ ಸಾಧಿಸುತ್ತವೆ. ಹೀಗೆ ಶೀಘ್ರಗಾಮಿಯಾದ ಜಾಲದಿಂದ ಬೆಸೆದ ಗಣಕಗಳ ಕೂಟಕ್ಕೆ ಕ್ಲಸ್ಟರ್ ಎಂದು ಹೆಸರು. ನಾವು ಇದನ್ನು ಗಣಕಸಮೂಹವೆನ್ನೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ವು ಇಂತಹುದು. ಹವಾಮಾನವನ್ನು ಲೆಕ್ಕಿಸುವ ವಿಜ್ಞಾನಿಗೆ ಮಾತ್ರವಲ್ಲ, ಸಾವಿರಾರು ಗ್ರಂಥಗಳ ಪದಗಳನ್ನು ಎಣಿಸಬೇಕಾದ ನಿಘಂಟುಕಾರನಿಗೂ ಇಂತಹ ಸಾಧನವು ನೆರವಾಗಬಲ್ಲದು. ಆದುದರಿಂದ ಇದಕ್ಕೆ ಕೆಲಸವನ್ನೊಪ್ಪಿಸುವ ಕ್ರಮವನ್ನು ಅರಿಯುವುದು ಎಲ್ಲ ವಿದ್ಯಾರ್ಥಿಗಳಿಗೂ ಉಚಿತ.

ಯಂತ್ರವೊಂದು, ಬೇಡುವವರು ಹಲವರು. ದಾಸೋಹದ ಪಂಕ್ತಿಯಲ್ಲಿ ಕುಳ್ಳಿರಿಸಿ ಬಡಿಸುವವರು ಇರುವಂತೆ ಇಲ್ಲಿಯೂ ಒಂದು ವ್ಯವಸ್ಥಾಪಕ ತಂತ್ರಾಂಶವಿರುತ್ತದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಈ ಶತಮಾನದ ಆರಂಭದಲ್ಲಿ ಹುಟ್ಟಿದ ‘ಸ್ಲರ್ಮ್’ ಅಂತಹವುಗಳಲ್ಲಿ ಪ್ರಸಿದ್ಧವಾದುದು. ಬಳಕೆದಾರನು ಮೊದಲು ಪ್ರವೇಶಿಸುವ ಗಣಕವನ್ನು ಲಾಗಿನ್ ನೋಡ್ ಎನ್ನುವರು. ಅದು ಮಹಾದ್ವಾರವಿದ್ದಂತೆ. ಭಾರವಾದ ಲೆಕ್ಕವನ್ನು ಅಲ್ಲಿಯೇ ನಡೆಸುವವನು ಬಾಗಿಲಿನಲ್ಲಿ ಎಲೆ ಹಾಕಿಕೊಂಡು ಕುಳಿತವನಂತೆ ಸರ್ವರಿಗೂ ಅಡ್ಡಿಯಾಗುತ್ತಾನೆ. ಬಿನ್ನಹವನ್ನು ಅಲ್ಲಿ ಸಲ್ಲಿಸಬೇಕು. ಕಾರ್ಯವು ಒಳಗಿನ ಗಣಕಗಳಲ್ಲಿ ನಡೆಯಬೇಕು.

ಬಿನ್ನಹಕ್ಕೆ ಎರಡು ಮಾರ್ಗಗಳುಂಟು. ಆದೇಶಗಳನ್ನೆಲ್ಲ ಒಂದು ಕಡತದಲ್ಲಿ ಬರೆದು ಒಪ್ಪಿಸುವುದು ಮೊದಲನೆಯದು. ಕಡತವಿಲ್ಲದೆ ಒಂದೇ ಸಾಲಿನಲ್ಲಿ ನೇರವಾಗಿ ಸಲ್ಲಿಸುವುದು ಎರಡನೆಯದು. ಈ ಸಾಲನ್ನು ಬೆರಳಚ್ಚಿಸುವುದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಾದರೂ ಅದರ ಉಚ್ಚಾರವನ್ನು ಇಲ್ಲಿ ನಮ್ಮ ಲಿಪಿಯಲ್ಲಿ ಕೊಟ್ಟಿದೆ:

ಎಸ್‌ಬ್ಯಾಚ್ --ಟೈಮ್=00:30:00 --ಮೆಮ್=4ಜಿ --ವ್ರ್ಯಾಪ್='ಪೈಥಾನ್3 ಪದಗಣನೆ.ಪಿವೈ'

ಇದನ್ನು ಒಂದು ವಾಕ್ಯವೆಂದೇ ಭಾವಿಸಿ ಅನ್ವಯಿಸಬಹುದು. ‘ಎಸ್‌ಬ್ಯಾಚ್’ ಎಂಬುದು ‘ಸರತಿಗೆ ಸೇರಿಸು’ ಎಂಬ ಕ್ರಿಯಾಪದ. ‘ಟೈಮ್’ ಮತ್ತು ‘ಮೆಮ್’ಗಳು ವಿಶೇಷಣಗಳು, ಅರ್ಧ ಗಂಟೆಯ ಕಾಲವನ್ನೂ ನಾಲ್ಕು ಗಿಗಾಬೈಟ್ ಸ್ಮೃತಿಯನ್ನೂ ಬೇಡುತ್ತವೆ. ‘ವ್ರ್ಯಾಪ್’ ಎಂದರೆ ಹೊದಿಸು. ಉದ್ಧರಣ ಚಿಹ್ನೆಗಳ ನಡುವಿನ ಆದೇಶವನ್ನು ಸ್ಲರ್ಮ್ ತಾನೇ ಒಂದು ಪುಟ್ಟ ಕಡತವಾಗಿ ಹೊದಿಸಿ ಕೊಂಡೊಯ್ಯುತ್ತದೆ. ನಮ್ಮ ಭಾಷೆಯಲ್ಲಿ ‘ಎಂದು’ ಎಂಬ ಅವ್ಯಯವು ಅನ್ಯರ ಮಾತನ್ನು ವಾಕ್ಯದೊಳಗೆ ಹಿಡಿದಿಡುವಂತೆಯೇ ಇದು.

ಉದ್ಧರಣ ಚಿಹ್ನೆಯ ವಿಷಯದಲ್ಲಿ ಎಚ್ಚರವಿರಲಿ. ಜೋಡಿ ಚಿಹ್ನೆಗಳ ನಡುವೆ ಡಾಲರ್ ಗುರುತಿನ ಚರಪದವಿದ್ದರೆ ಅದರ ಬೆಲೆಯು ಮಹಾದ್ವಾರದಲ್ಲಿಯೇ, ಸಲ್ಲಿಸುವ ಕ್ಷಣದಲ್ಲಿಯೇ, ನಿಶ್ಚಿತವಾಗಿಬಿಡುತ್ತದೆ. ಒಂಟಿ ಚಿಹ್ನೆಗಳ ನಡುವಿನದಾದರೋ ಯಥಾವತ್ತಾಗಿ ಒಳಗೆ ಸಾಗಿ ಕಾರ್ಯಕಾಲದಲ್ಲಿ ಅರ್ಥ ಪಡೆಯುತ್ತದೆ. ಕಾರ್ಯದ ಸಂಖ್ಯೆಯು ಸಲ್ಲಿಸುವಾಗ ಇನ್ನೂ ಹುಟ್ಟಿರುವುದಿಲ್ಲ. ಅದನ್ನು ಜೋಡಿ ಚಿಹ್ನೆಗಳೊಳಗೆ ಬರೆದವನಿಗೆ ದೊರೆಯುವುದು ಶೂನ್ಯಪದ. ಒಂದು ಗೆರೆಯ ಅಂತರದಿಂದ ಅರ್ಥವೇ ಕೆಡುವುದೆಂಬುದನ್ನು ವ್ಯಾಕರಣ ಓದಿದವರಿಗೆ ಹೇಳಬೇಕಾಗಿಲ್ಲ.

ಕಾಲವನ್ನು ಸೂಚಿಸುವಾಗ ‘30’ ಎಂದಷ್ಟೇ ಬರೆದರೆ ಮೂವತ್ತು ನಿಮಿಷವೆಂದೇ ಅರ್ಥ, ಗಂಟೆಯಲ್ಲ. ಕಡತದಲ್ಲಿ ಒಂದು ಕಾಲವನ್ನೂ ಆದೇಶದ ಸಾಲಿನಲ್ಲಿ ಮತ್ತೊಂದನ್ನೂ ಹೇಳಿದ್ದರೆ ಸಾಲಿನಲ್ಲಿ ಹೇಳಿದುದೇ ಪ್ರಬಲ. ಸಣ್ಣ ಪರೀಕ್ಷೆಗೆ ನೇರ ಸಾಲು ಸುಲಭ. ಮುಂದೆಯೂ ಪುನಃ ಮಾಡಬೇಕಾದ ಕಾರ್ಯಕ್ಕೆ ಕಡತವೇ ಲೇಸು. ಏನನ್ನು ಹೇಗೆ ಮಾಡಿದೆವೆಂಬ ದಾಖಲೆಯು ಅದರಲ್ಲಿ ಉಳಿಯುತ್ತದೆ.

ಬಿನ್ನಹವು ಅಂಗೀಕೃತವಾದೊಡನೆ ಕಾರ್ಯಸಂಖ್ಯೆಯೊಂದು ದೊರೆಯುತ್ತದೆ. ‘ಎಸ್‌ಕ್ಯೂ’ ಎಂಬ ಆದೇಶವು ಸರತಿಯನ್ನು ತೋರಿಸುತ್ತದೆ; ‘ಪಿಡಿ’ ಎಂದರೆ ಕಾಯುತ್ತಿದೆ, ‘ಆರ್’ ಎಂದರೆ ನಡೆಯುತ್ತಿದೆ. ‘ಎಸ್‌ಕ್ಯಾನ್ಸಲ್’ ಮತ್ತು ಆ ಸಂಖ್ಯೆಯಿಂದ ಬಿನ್ನಹವನ್ನು ಹಿಂಪಡೆಯಬಹುದು. ಬೇರೆ ಹೆಸರನ್ನು ಸೂಚಿಸದಿದ್ದರೆ ಫಲಿತವು ‘ಸ್ಲರ್ಮ್’ ಎಂಬ ಹೆಸರಿನೊಡನೆ ಅದೇ ಸಂಖ್ಯೆಯನ್ನು ಹೊತ್ತ ಕಡತದಲ್ಲಿ ಲಿಖಿತವಾಗುತ್ತದೆ.

ಎಷ್ಟು ಬೇಡಬೇಕೆಂಬುದೇ ಇಲ್ಲಿನ ಮುಖ್ಯ ವಿವೇಕ. ಕಡಮೆ ಬೇಡಿದರೆ ಅವಧಿ ತೀರಿದೊಡನೆ ಕಾರ್ಯವು ಅರ್ಧದಲ್ಲೇ ನಿಲ್ಲಿಸಲ್ಪಡುತ್ತದೆ. ದಿನವಿಡೀ ನಡೆದ ಲೆಕ್ಕವು ವ್ಯರ್ಥವಾಗಬಹುದು. ಅತಿಯಾಗಿ ಬೇಡಿದರೆ ಸರತಿಯಲ್ಲಿ ಬಹುಕಾಲ ಕಾಯಬೇಕಾಗುತ್ತದೆ. ಅಲ್ಲದೆ, ಬೇಡಿ ಪಡೆದು ಬಳಸದ ಸ್ಮೃತಿಯು ಇನ್ನೊಬ್ಬರಿಗೆ ದೊರೆಯದೆ ನಿಷ್ಫಲವಾಗಿ ಬಿದ್ದಿರುತ್ತದೆ. ದೊಡ್ಡ ಕಾರ್ಯಗಳ ನಡುವಣ ತೆರಪಿನಲ್ಲಿ ಅಲ್ಪಾವಧಿಯ ಕಾರ್ಯಗಳನ್ನು ತುಂಬುವ ಪದ್ಧತಿಯಿರುವ ಕಡೆ ಮಿತವಾಗಿ ಬೇಡಿದವನಿಗೆ ಬೇಗನೆ ಅವಕಾಶ ದೊರೆಯುವುದುಂಟು. ಮೊದಲು ಸಣ್ಣ ಅಂಶವೊಂದನ್ನು ನಡೆಸಿ, ತಗಲಿದ ಕಾಲವನ್ನಳೆದು, ಸ್ವಲ್ಪ ಹೆಚ್ಚನ್ನು ಸೇರಿಸಿ ಬೇಡುವುದು ಜಾಣತನ.

ಎಲೆಯಲ್ಲಿ ಉಣ್ಣುವಷ್ಟೇ ಬಡಿಸಿಕೊಳ್ಳಬೇಕೆಂಬುದನ್ನು ಪ್ರಸಾದನಿಲಯದಲ್ಲಿ ಬೆಳೆದ ಮಕ್ಕಳು ಬಾಲ್ಯದಲ್ಲಿಯೇ ಕಲಿತಿರುತ್ತಾರೆ. ದುಡಿದು ಪಡೆಯುವುದು ಕಾಯಕ. ಹಂಚಿಕೊಂಡು ಬಳಸುವುದು ದಾಸೋಹ. ಯಂತ್ರವು ಹೊಸತಾದರೂ ಅದರ ಮುಂದೆ ನಿಲ್ಲುವವನಿಗೆ ಬೇಕಾದ ಶೀಲವು ಹೊಸತಲ್ಲ.