ಕಾಯಲು ಕಲಿತ ಐಸಿಡಿ

ನಿಮಿಷಕ್ಕೆ 180 ಬಡಿತ ಎಂಬ ಅಂಕಿಯೊಂದರಿಂದಲೇ ಹೃದಯ ಅಪಾಯದಲ್ಲಿದೆ ಎನ್ನಲಾಗದು. ಬಿರುಸಾಗಿ ಓಡಿದ ಯುವಕನ ಎದೆಯೂ ಆ ವೇಗ ಮುಟ್ಟುತ್ತದೆ, ಹೃದಯದ ಕೆಳಕೋಣೆಯಲ್ಲಿ ಹುಟ್ಟಿ ಪ್ರಾಣಕ್ಕೇ ಎರವಾಗಬಲ್ಲ ಲಯವೂ ಮುಟ್ಟುತ್ತದೆ. ಮಿಷೆಲ್ ಮಿರೊವ್ಸ್ಕಿಯವರ ಹಟದಿಂದ ರೂಪುಗೊಂಡು 1980ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಸಲ ಮನುಷ್ಯದೇಹ ಸೇರಿದ ಐಸಿಡಿ ಎಂಬ ಷಾಕ್ ಯಂತ್ರ ಇಂದಿಗೂ ಎದುರಿಸುವ ಕಠಿಣ ಪ್ರಶ್ನೆ ಇದೇ. ಷಾಕ್ ಯಾವಾಗ ಕೊಡಬಾರದು ಎಂದು ಅರಿಯುವುದರಲ್ಲೇ ಅದರ ನಿಜವಾದ ಜಾಣ್ಮೆ ಇದೆ ಎಂಬುದು ನನ್ನ ವಾದ.

ಕೆಳಕೋಣೆಯಲ್ಲಿ ನೆಟ್ಟ ಲೀಡ್ ಎಂಬ ತಂತಿ ಎರಡು ಬಡಿತಗಳ ನಡುವಿನ ಅಂತರವನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತದೆ. 300 ಎಂದರೆ ನಿಮಿಷಕ್ಕೆ 200 ಬಡಿತ. ವೇಗ ಮೆಲ್ಲನೆ ಏರಿದರೆ ಅದು ವ್ಯಾಯಾಮವಿರಬಹುದು, ಥಟ್ಟನೆ ಜಿಗಿದರೆ ರೋಗವಿರಬಹುದು. ಅಂತರಗಳು ಏರುಪೇರಾಗಿದ್ದರೆ ಮೇಲುಕೋಣೆಯ ಕಂಪನದ ಅನುಮಾನ. ಪ್ರತಿ ಬಡಿತದ ವಿದ್ಯುತ್ ಅಲೆಯ ಆಕಾರವನ್ನು ಸಹಜ ಬಡಿತದ ನಮೂನೆಯೊಂದಿಗೆ ಹೋಲಿಸುವುದೂ ಉಂಟು. ಮೇಲುಕೋಣೆಯಲ್ಲೂ ಲೀಡ್ ಇದ್ದು, ಕೆಳಕೋಣೆಯೇ ಹೆಚ್ಚು ಸಲ ಬಡಿಯುತ್ತಿದ್ದರೆ ತೊಂದರೆ ಕೆಳಗೇ ಹುಟ್ಟಿದೆ ಎನ್ನಲು ಅದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ಇಷ್ಟಾದರೂ ಯಂತ್ರ ಮೋಸಹೋಗುತ್ತದೆ: ಬಡಿತದ ಬೆನ್ನಿಗೇ ಬರುವ ಟಿ ಅಲೆಯನ್ನು ಇನ್ನೊಂದು ಬಡಿತವೆಂದು ಎಣಿಸುತ್ತದೆ, ಮುರಿದ ಲೀಡಿನ ಗದ್ದಲವನ್ನು ಲಯವೆಂದು ನಂಬುತ್ತದೆ. ಪೂರ್ಣ ಎಚ್ಚರದಲ್ಲಿರುವಾಗ ಬೀಳುವ ಇಂಥ ಷಾಕ್ ನೋವಷ್ಟೇ ಅಲ್ಲ, ಮುಂದಿನದು ಯಾವಾಗಲೋ ಎಂಬ ಭಯವನ್ನೂ ಬಿಟ್ಟುಹೋಗುತ್ತದೆ.

ಕಾಯುತ್ತ ಕೂತರೆ ಜೀವ ಹೋಗದೇ ಎಂಬ ಆಕ್ಷೇಪ ಸಹಜವಾದದ್ದು. 2012ರಲ್ಲಿ ಪ್ರಕಟವಾದ ಮೇಡಿಟ್-ರಿಟ್ ಅಧ್ಯಯನ 1500 ಮಂದಿಯಲ್ಲಿ ಇದನ್ನೇ ಒರೆಗೆ ಹಚ್ಚಿತು. ಒಂದು ಗುಂಪಿಗೆ ರೂಢಿಯಂತೆ 170ರಿಂದಲೇ ಚಿಕಿತ್ಸೆ, ಇನ್ನೊಂದಕ್ಕೆ 200 ದಾಟಿದರೆ ಮಾತ್ರ, ಮೂರನೆಯದಕ್ಕೆ 170ರಿಂದ 200ರ ನಡುವಿನ ವೇಗಕ್ಕೆ ಒಂದು ನಿಮಿಷ ಕಾದ ಬಳಿಕ. ತಪ್ಪು ಚಿಕಿತ್ಸೆ ಕೊನೆಯ ಎರಡೂ ಗುಂಪುಗಳಲ್ಲಿ ಬಹಳ ಇಳಿಯಿತು. 200ರ ಗುಂಪಿನಲ್ಲಂತೂ ಸಾವುಗಳೇ ಸುಮಾರು ಅರ್ಧಕ್ಕಿಳಿದವು. ಅನೇಕ ದುರ್ಲಯಗಳು ತಾವಾಗಿಯೇ ಅಡಗುತ್ತವೆ. ಅವಸರದ ಯಂತ್ರ ಅದಕ್ಕೆ ಅವಕಾಶವನ್ನೇ ಕೊಡುತ್ತಿರಲಿಲ್ಲ. ಆದರೆ ಇದನ್ನು ಎಲ್ಲರಿಗೂ ಕಣ್ಣುಮುಚ್ಚಿ ಹಚ್ಚುವಂತಿಲ್ಲ. ಆ 1500 ಮಂದಿ ಮುನ್ನೆಚ್ಚರಿಕೆಗಾಗಿ ಐಸಿಡಿ ಪಡೆದವರು. ನಿಮಿಷಕ್ಕೆ 160ರ ದುರ್ಲಯದಿಂದಲೇ ಒಮ್ಮೆ ಕುಸಿದವರಿಗೆ 200ರ ಗಡಿ ಇಟ್ಟರೆ ಯಂತ್ರ ಸುಮ್ಮನೆ ನೋಡುತ್ತಿರುತ್ತದೆ. ಅಂಥವರಲ್ಲಿ ಗಡಿಯನ್ನು ಆ ಲಯದ ವೇಗಕ್ಕಿಂತ ಕೆಳಗಿಳಿಸಿ, ವ್ಯಾಯಾಮದ ವೇಗವನ್ನು ಬೇರ್ಪಡಿಸುವ ಹೊಣೆಯನ್ನು ಅಲೆಯ ಆಕಾರ ಮತ್ತು ಏರಿಕೆಯ ರೀತಿಗೆ ವಹಿಸಬೇಕಾಗುತ್ತದೆ.