ಲೆಕ್ಕದ ಕ್ರಮಸಂಖ್ಯೆ ಬ್ರೈಲ್‌ಗೆ ಹೋಗುವಾಗ

ಗಣಿತದ ಪ್ರಶ್ನೆಪತ್ರಿಕೆಯನ್ನು ಬ್ರೈಲ್‌ಗೆ ತರಲು ಹೊರಟವರು ಹೆದರುವುದು ವರ್ಗಮೂಲಕ್ಕೆ, ಭಿನ್ನರಾಶಿಗೆ. ಕೆಲಸ ಕೆಡುವುದು ಅದಕ್ಕೂ ಮೊದಲೇ, ಸಾಲಿನ ಆರಂಭದಲ್ಲಿ ಕೂತಿರುವ 1, 2, 3ರಲ್ಲಿ. ಪರದೆಯ ಮೇಲೆ ಕಣ್ಣಿಗೆ ಕಾಣುತ್ತಿದ್ದ ಕ್ರಮಸಂಖ್ಯೆ ಬ್ರೈಲ್ ಹಾಳೆಯಲ್ಲಿ ಇರುವುದೇ ಇಲ್ಲ. ಇಲ್ಲವೇ ಪ್ರತಿ ಪ್ರಶ್ನೆಯೂ 1 ಎಂದೇ ಶುರುವಾಗಿರುತ್ತದೆ. ‘3ನೇ ಲೆಕ್ಕದ ಉತ್ತರವನ್ನು ಬಳಸಿ 7ನೆಯದನ್ನು ಬಿಡಿಸಿ’ ಎಂಬ ಸೂಚನೆ ಓದಿದ ವಿದ್ಯಾರ್ಥಿ ಬೆರಳಾಡಿಸಿ ಹುಡುಕಿದರೆ 3 ಎಲ್ಲೂ ಸಿಗದು.

ಮೈಸೂರಿಗೂ ಬ್ರೈಲ್‌ಗೂ ಹಳೆಯ ನಂಟು. ಎಂ. ಶ್ರೀನಿವಾಸ ರಾವ್ ಅವರು ಇಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ತೆರೆದದ್ದು 1901ರಲ್ಲಿ. ತಿಲಕ್ ನಗರದಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ. ಕನ್ನಡ ಪಠ್ಯಪುಸ್ತಕಗಳು ಅಲ್ಲಿ ಬ್ರೈಲ್ ಆಗುತ್ತವೆ. ಆದರೆ ಎಲ್ಲ ಹಾಳೆಯೂ ಮುದ್ರಣಾಲಯದ ತನಕ ಹೋಗುವುದಿಲ್ಲ. ಕಿರುಪರೀಕ್ಷೆ, ಮನೆಗೆಲಸ, ಟ್ಯೂಷನ್ನಿನ ಅಭ್ಯಾಸದ ಹಾಳೆ, ಇವನ್ನೆಲ್ಲ ಚಾಮರಾಜಪುರಂನ ಯಾವುದೋ ಮನೆಯಲ್ಲಿ ಶಿಕ್ಷಕರೊಬ್ಬರು ಲ್ಯಾಪ್‌ಟಾಪ್ ಮುಂದೆ ಕೂತು ಟೈಪ್ ಮಾಡಿರುತ್ತಾರೆ, ಇಲ್ಲವೇ ಡಿಟಿಪಿ ಅಂಗಡಿಯಲ್ಲಿ ಮಾಡಿಸಿರುತ್ತಾರೆ. ಈ ಲೇಖನ ಅಂಥವರಿಗಾಗಿ.

ಸಂಖ್ಯೆ ಮಾಯವಾಗುವುದೇಕೆ? ವರ್ಡ್‌ನಲ್ಲಿ ‘1.’ ಎಂದು ಬರೆದು ಸ್ಪೇಸ್ ಒತ್ತಿದೊಡನೆ ತಂತ್ರಾಂಶ ಅದನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ 1 ನೀವು ಟೈಪ್ ಮಾಡಿದ ಅಕ್ಷರವಲ್ಲ. ಕಡತದ ಒಳಗೆ ಬರೆದಿರುವುದು ಇಷ್ಟೇ: ಈ ಪ್ಯಾರಾ ಇಂಥ ಪಟ್ಟಿಗೆ ಸೇರಿದ್ದು, ಇಂಥ ಮಟ್ಟದ್ದು. ಸಂಖ್ಯೆಯನ್ನು ವರ್ಡ್ ಆಗಿಂದಾಗ್ಗೆ ಎಣಿಸಿ ಪರದೆಯಲ್ಲಿ ತೋರಿಸುತ್ತದೆ. ಡಕ್ಸ್‌ಬರಿಯಂಥ ಬ್ರೈಲ್ ಅನುವಾದ ತಂತ್ರಾಂಶವೋ ಲಿಬ್‌ಲೂಯಿಯನ್ನು ಬಳಸುವ ಉಚಿತ ತಂತ್ರಾಂಶವೋ ಕಡತವನ್ನು ತೆರೆದಾಗ ಆ ಎಣಿಕೆಯನ್ನು ತಾನೇ ಮತ್ತೆ ಮಾಡಬೇಕು. ಸರಳ ಪಟ್ಟಿಯಾದರೆ ಸರಿಯಾಗಿ ಬಂದೀತು. ನಡುವೆ ಒಂದು ಚಿತ್ರ, ಒಂದು ಕೋಷ್ಟಕ, 4ರ ಕೆಳಗೆ ಉಪಪ್ರಶ್ನೆಗಳು, ಮತ್ತೆ 5 ಎಂದು ಮುಂದುವರಿಕೆ ಬಂದರೆ ಎಣಿಕೆ ತಪ್ಪುವ ಸಾಧ್ಯತೆ ಹೆಚ್ಚು. ಲೇಟೆಕ್‌ನಲ್ಲಿ ಬರೆದ ಕಡತದಲ್ಲಂತೂ ಸಂಖ್ಯೆಯ ಸುಳಿವೇ ಇರದು. ‘ಐಟಂ’ ಎಂಬ ಆದೇಶವಷ್ಟೇ ಸಾಲುಸಾಲಾಗಿ ಇರುತ್ತದೆ, ಸಂಖ್ಯೆ ಹುಟ್ಟುವುದು ಪಿಡಿಎಫ್ ಮಾಡುವಾಗ.

ಪರೀಕ್ಷಿಸಿ ನೋಡುವುದು ಸುಲಭ. ಕರ್ಸರನ್ನು 1 ಮತ್ತು ಅದರ ಮುಂದಿನ ಚುಕ್ಕೆಯ ನಡುವೆ ಇಡಲು ನೋಡಿ. ಹೋದರೆ ಅದು ನಿಜವಾದ ಅಕ್ಷರ. ಹೋಗದೆ ಸಂಖ್ಯೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದರೆ ವರ್ಡ್ ಎಣಿಸಿ ತೋರಿಸುತ್ತಿರುವ ಸಂಖ್ಯೆ.

ಪರಿಹಾರ ಒಂದೇ: ಬ್ರೈಲ್ ತಂತ್ರಾಂಶಕ್ಕೆ ಕೊಡುವ ಮೊದಲೇ ಸಂಖ್ಯೆಯನ್ನು ಅಕ್ಷರವಾಗಿ ಗಟ್ಟಿಮಾಡುವುದು. ಕಡತದ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಅದನ್ನು ವರ್ಡ್‌ನಲ್ಲಿ ತೆರೆದು ಆಲ್ಟ್ ಜತೆ ಎಫ್ 11, ಆಮೇಲೆ ಕಂಟ್ರೋಲ್ ಜತೆ ಜಿ ಒತ್ತಿ. ಕೆಳಗೆ ‘ಇಮ್ಮೀಡಿಯೆಟ್’ ಎಂಬ ಖಾಲಿ ಜಾಗ ತೆರೆದುಕೊಳ್ಳುತ್ತದೆ. ಅಲ್ಲಿ ಇಂಗ್ಲಿಷ್‌ನಲ್ಲಿ ‘ಆ್ಯಕ್ಟಿವ್ ಡಾಕ್ಯುಮೆಂಟ್’, ಒಂದು ಚುಕ್ಕೆ, ‘ಕನ್ವರ್ಟ್ ನಂಬರ್ಸ್ ಟು ಟೆಕ್ಸ್ಟ್’ ಎಂದು ಎಲ್ಲೂ ಜಾಗ ಬಿಡದೆ ಬರೆದು ಎಂಟರ್ ಒತ್ತಿದರೆ ಕಡತದ ಎಲ್ಲ ಸ್ವಯಂಚಾಲಿತ ಸಂಖ್ಯೆಗಳೂ ಮಾಮೂಲಿ ಅಕ್ಷರಗಳಾಗುತ್ತವೆ. ಸಂಖ್ಯೆಯ ಪಕ್ಕ ಟ್ಯಾಬ್ ಉಳಿದಿದ್ದರೆ ಅದನ್ನು ಒಂದು ಸ್ಪೇಸ್‌ಗೆ ಬದಲಿಸಿ. ಬರೀ ಪಠ್ಯದ ಕಡತವಾಗಿ ಉಳಿಸಿದರೂ ಸಂಖ್ಯೆಗಳು ಉಳಿಯುತ್ತವಲ್ಲ ಎಂದು ಕೆಲವರು ಆ ದಾರಿ ಹಿಡಿಯುತ್ತಾರೆ. ಗಣಿತಕ್ಕೆ ಅದು ಬೇಡ. ಸಂಖ್ಯೆ ಉಳಿದೀತು, ಸಮೀಕರಣ ಉಳಿಯದು.

ಹೊಸದಾಗಿ ಟೈಪ್ ಮಾಡುವವರು ಆಟೋಕರೆಕ್ಟ್ ಆಯ್ಕೆಗಳಲ್ಲಿ ಸ್ವಯಂಚಾಲಿತ ಪಟ್ಟಿಯನ್ನು ಮೊದಲೇ ನಿಲ್ಲಿಸಿಬಿಟ್ಟರೆ ಈ ಕಷ್ಟವೇ ಇಲ್ಲ.

ಇನ್ನು ಬ್ರೈಲ್ ಕಡೆಗೆ ಬರೋಣ. ಬ್ರೈಲ್‌ನ ಒಂದು ಕೋಶದಲ್ಲಿ ಆರು ಚುಕ್ಕಿ: ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3, ಬಲಗಡೆ 4, 5, 6. ಅಂಕಿಗೆ ಬೇರೆ ಅಚ್ಚಿಲ್ಲ. 3-4-5-6 ಎಂಬ ಸಂಖ್ಯಾಸೂಚಕ ಹಾಕಿ ಇಂಗ್ಲಿಷ್‌ನ ಮೊದಲ ಹತ್ತು ಅಕ್ಷರಗಳನ್ನೇ ಅಂಕಿಯಾಗಿ ಓದುತ್ತಾರೆ. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಒಂದೇ ತಳಹದಿಯಾಗಿ ಬಂದ ಭಾರತಿ ಬ್ರೈಲ್‌ನಲ್ಲೂ ಸಂಖ್ಯೆಗೆ ಇದೇ ಪದ್ಧತಿ. ಅದರಂತೆ ‘1.’ ಎಂದರೆ ಸಂಖ್ಯಾಸೂಚಕ, ಚುಕ್ಕಿ 1, ಆಮೇಲೆ ಪೂರ್ಣವಿರಾಮದ 2-5-6.

ಗಣಿತಕ್ಕೆ ನಮ್ಮಲ್ಲೂ ಬಳಕೆಯಲ್ಲಿರುವುದು ನೆಮೆತ್ ಸಂಕೇತ. ತಾವೇ ದೃಷ್ಟಿಹೀನರಾಗಿದ್ದ ಅಮೆರಿಕದ ಗಣಿತಜ್ಞ ಅಬ್ರಹಾಂ ನೆಮೆತ್ ರೂಪಿಸಿದ್ದು. 1952ರಲ್ಲಿ ಪ್ರಕಟವಾಗಿ 1972ರಲ್ಲಿ ಪರಿಷ್ಕೃತವಾಯಿತು. ಅದರಲ್ಲಿ ಅಂಕಿಗಳು ಒಂದು ಸಾಲು ಕೆಳಗಿಳಿಯುತ್ತವೆ. 1 ಎಂಬುದು ಚುಕ್ಕಿ 1 ಅಲ್ಲ, ಚುಕ್ಕಿ 2. 4 ಎಂಬುದು 1-4-5 ಅಲ್ಲ, 2-5-6. ಇಲ್ಲೇ ಎಚ್ಚರ ಬೇಕು, ಪೂರ್ಣವಿರಾಮವೂ 2-5-6. ಹಾಗಾಗಿ ‘1.’ ಎಂಬುದನ್ನು ನೇರವಾಗಿ ಇಳಿಸಿದರೆ ಬೆರಳಿಗೆ ಸಿಗುವುದು 14! ಇದನ್ನು ತಪ್ಪಿಸಲೆಂದೇ ನೆಮೆತ್‌ನಲ್ಲಿ ವಿರಾಮಸೂಚಕವಾಗಿ 4-5-6 ಇದೆ. ಸರಿಯಾದ ‘1.’ ಎಂದರೆ ನಾಲ್ಕು ಕೋಶ: 3-4-5-6, 2, 4-5-6, 2-5-6. ದಶಮಾಂಶ ಬಿಂದುವಿಗೆ ಬೇರೆಯದೇ ಗುರುತು, 4-6.

ಚುಕ್ಕೆ ವಾಕ್ಯದ್ದೋ ದಶಮಾಂಶದ್ದೋ ಎಂಬುದನ್ನು ತಂತ್ರಾಂಶ ತೀರ್ಮಾನಿಸುವುದು ನೀವು ಅದನ್ನು ಎಲ್ಲಿ ಟೈಪ್ ಮಾಡಿದ್ದೀರಿ ಎಂಬುದರ ಮೇಲೆ. ‘2. 5+7’ ಎಂಬ ಪ್ರಶ್ನೆಯನ್ನು ಇಡಿಯಾಗಿ ಸಮೀಕರಣದ ಪೆಟ್ಟಿಗೆಯೊಳಗೆ ಹಾಕಿದರೆ ಅದು 2.5+7 ಆಗಿಬಿಡಬಹುದು. ಉತ್ತರ 12ರ ಬದಲು 9.5. ಮಗು ಲೆಕ್ಕ ಸರಿಯಾಗಿಯೇ ಮಾಡಿರುತ್ತದೆ, ಅಂಕ ಮಾತ್ರ ಸೊನ್ನೆ. ಪಿಡಿಎಫ್‌ನಿಂದ ನಕಲು ಮಾಡಿದಾಗಲೂ ನಡುವಿನ ಜಾಗ ಬಿಟ್ಟುಹೋಗಿ ಇದೇ ಅನಾಹುತ ಆಗುತ್ತದೆ. ಕ್ರಮಸಂಖ್ಯೆ ಯಾವತ್ತೂ ಸಮೀಕರಣದ ಪೆಟ್ಟಿಗೆಯ ಹೊರಗಿರಲಿ, ಅದರ ಮುಂದೆ ಒಂದು ಸ್ಪೇಸ್ ಇರಲಿ.

ಕ್ರಮಸಂಖ್ಯೆಯನ್ನು ಪಠ್ಯದಂತೆ ಮೇಲಿನ ಅಂಕಿಯಲ್ಲಿ ಬರೆಯಬೇಕೋ, ಗಣಿತದಂತೆ ಕೆಳಗಿನ ಅಂಕಿಯಲ್ಲೋ? ಎರಡೂ ಓದಲು ಬರುತ್ತದೆ. ಒಂದೇ ಹಾಳೆಯಲ್ಲಿ ಎರಡೂ ಬೆರೆತರೆ ಮಾತ್ರ ಓದುವವರಿಗೆ ಹಿಂಸೆ. ಆ ಮಗುವಿಗೆ ಶಾಲೆಯಲ್ಲಿ ಯಾವ ರೂಢಿ ಎಂದು ಮೊದಲೇ ಕೇಳಿಕೊಂಡು ಅದನ್ನೇ ಕೊನೆಯ ತನಕ ಪಾಲಿಸಿ.

ಕನ್ನಡ ಮಾಧ್ಯಮಕ್ಕೆ ಇನ್ನೊಂದು ತೊಡಕಿದೆ. ಉಪಪ್ರಶ್ನೆಗಳಿಗೆ ನಾವು ರೋಮನ್ ಸಂಖ್ಯೆ ಹಾಕುತ್ತೇವೆ. ಬ್ರೈಲ್‌ನಲ್ಲಿ ಇಂಗ್ಲಿಷ್‌ನ ‘ಐ’ ಅಕ್ಷರವೂ ಕನ್ನಡದ ‘ಇ’ಯೂ ಒಂದೇ ಕೋಶ, 2-4. ರೋಮನ್ ಐದರ ‘ವಿ’ ಕನ್ನಡದ ‘ವ’ ಆಗುತ್ತದೆ, ಹತ್ತರ ‘ಎಕ್ಸ್’ ಕನ್ನಡದ ‘ಒ’ ಆಗುತ್ತದೆ. ಬೀಜಗಣಿತದ ಎಕ್ಸ್‌ಗೂ ಇದೇ ಗತಿ. ಸಂಖ್ಯಾಸೂಚಕವೇ ಕನ್ನಡದ ‘ಣ’, ನೆಮೆತ್‌ನ ವಿರಾಮಸೂಚಕವೇ ‘ಳ’. ಕನ್ನಡ ಎಲ್ಲಿ ಮುಗಿಯಿತು, ಗಣಿತ ಎಲ್ಲಿ ಶುರುವಾಯಿತು ಎಂಬುದನ್ನು ತಂತ್ರಾಂಶದಲ್ಲಿ ಗುರುತು ಮಾಡದಿದ್ದರೆ ಇವು ಒಂದರೊಳಗೊಂದು ಕಲೆಸಿಹೋಗುತ್ತವೆ. ಉಪಪ್ರಶ್ನೆಯ ರೋಮನ್ ಅಕ್ಷರವನ್ನು ಇಂಗ್ಲಿಷ್ ಎಂದೇ ಗುರುತಿಸಿ. ಕನ್ನಡ ಅಂಕಿಗಳಲ್ಲಿ ಕ್ರಮಸಂಖ್ಯೆ ಇದ್ದರೆ ಮೊದಲೇ 1, 2ಕ್ಕೆ ತಂದುಕೊಳ್ಳುವುದು ಕ್ಷೇಮ.

ಡಿಟಿಪಿ ಅಂಗಡಿಯಿಂದ ಬಂದ ಕಡತ ಹಳೆಯ ನುಡಿ ಫಾಂಟಿನಲ್ಲಿದ್ದರೆ ಅದನ್ನು ಯೂನಿಕೋಡ್‌ಗೆ ಬದಲಿಸದೆ ಬ್ರೈಲ್ ತಂತ್ರಾಂಶ ಒಂದಕ್ಷರವನ್ನೂ ಕನ್ನಡವೆಂದು ಓದಲಾರದು. ಆ ಫಾಂಟಿನಲ್ಲಿ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಸಂಕೇತಗಳು. ಪರಿವರ್ತಕಕ್ಕೆ ಹಾಕುವಾಗ ಬೇರೆ ಫಾಂಟಿನಲ್ಲಿದ್ದ ಎಕ್ಸ್, ವೈಗಳೂ ಕನ್ನಡವೆಂದುಕೊಂಡು ಬದಲಾಗಿಬಿಡುತ್ತವೆ. ಕನ್ನಡ ವಾಕ್ಯಗಳನ್ನಷ್ಟೇ ತುಂಡು ತುಂಡಾಗಿ ಪರಿವರ್ತಿಸಿ, ಸಮೀಕರಣಗಳನ್ನು ಹೊಸದಾಗಿ ಸಮೀಕರಣದ ಪೆಟ್ಟಿಗೆಯಲ್ಲಿ ಬರೆಯುವುದೇ ಮೇಲು. ನಿಧಾನದ ಕೆಲಸ ನಿಜ, ಆದರೆ ಬೇರೆ ಒಳದಾರಿಗಳಲ್ಲಿ ತಪ್ಪು ಹುಡುಕಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಸ್ಕ್ಯಾನ್ ಮಾಡಿದ ಚಿತ್ರವಾಗಿ ಅಂಟಿಸಿದ ಸಮೀಕರಣ ಬ್ರೈಲ್‌ಗೆ ಬರುವುದಿಲ್ಲ.

ಹಾಳೆಯ ವಿನ್ಯಾಸಕ್ಕೂ ಅರ್ಥವಿದೆ. ಉತ್ತರ ಅಮೆರಿಕದ ಬ್ರೈಲ್ ಪ್ರಾಧಿಕಾರದ ನಿಯಮದಲ್ಲಿ ಉಪಪ್ರಶ್ನೆಗಳಿರುವ ಪಟ್ಟಿಯ ಮುಖ್ಯ ಪ್ರಶ್ನೆ 1ನೇ ಕೋಶದಿಂದ, ಉಪಪ್ರಶ್ನೆ 3ನೇ ಕೋಶದಿಂದ ಶುರುವಾಗುತ್ತದೆ. ಯಾವುದೇ ಸಾಲು ಮುಂದುವರಿದರೆ 5ರಿಂದ. ಎಡ ಅಂಚಿನಲ್ಲಿ ಬೆರಳು ಕೆಳಗೆ ಜಾರಿಸಿದರೆ ಮುಖ್ಯ ಪ್ರಶ್ನೆಗಳಷ್ಟೇ ಸಿಗುತ್ತವೆ. ಸ್ಪೇಸ್ ಒತ್ತಿ ಒತ್ತಿ ಅಂಚು ಮಾಡಬೇಡಿ, ತಂತ್ರಾಂಶದ ಪಟ್ಟಿಯ ಶೈಲಿಗಳನ್ನೇ ಬಳಸಿ.

ಎಂಬಾಸರ್‌ನಲ್ಲಿ ಅಚ್ಚು ಹಾಕುವ ಮುನ್ನ ಮೊದಲ ಪುಟವನ್ನಾದರೂ ಬ್ರೈಲ್ ಬಲ್ಲವರಿಗೆ ತೋರಿಸಿ. ಕ್ರಮಸಂಖ್ಯೆಗಳನ್ನು ಮೂಲದೊಂದಿಗೆ ಒಂದೊಂದಾಗಿ ತಾಳೆ ನೋಡಿ. ಒಟ್ಟು ಪ್ರಶ್ನೆ ಎಷ್ಟು, ಕೊನೆಯದರ ಸಂಖ್ಯೆ ಎಷ್ಟು ಎಂಬುದು ಹೊಂದಬೇಕು. ಉತ್ತರಗಳ ಹಾಳೆ ಬೇರೆ ಇದ್ದರೆ ಅದನ್ನೂ ನೋಡಿ.

ಹಕ್ಕುಸ್ವಾಮ್ಯದ ಭಯ ಬೇಡ. 2012ರ ತಿದ್ದುಪಡಿಯ ನಂತರ ನಮ್ಮ ಕಾಯ್ದೆಯೇ ಅಂಗವಿಕಲರ ಓದಿಗಾಗಿ, ಲಾಭದ ಉದ್ದೇಶವಿಲ್ಲದೆ, ಇಂಥ ಪ್ರತಿ ಮಾಡಲು ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರ‍್ರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅರ್ಹ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ ಮತ್ತು ಕಲಿಕಾ ಸಾಮಗ್ರಿ ಉಚಿತವಾಗಿ ಸಿಗಬೇಕು. ದೃಷ್ಟಿಹೀನ ಮಕ್ಕಳು ಗಣಿತ ಬಿಟ್ಟು ಬೇರೆ ವಿಷಯ ಹಿಡಿಯುವುದಕ್ಕೆ ಗಣಿತ ಕಷ್ಟ ಎಂಬುದೊಂದೇ ಕಾರಣವಲ್ಲ. ಓದಲಾಗುವಂಥ ಗಣಿತದ ಹಾಳೆ ಕೈಗೆ ಸಿಗದಿರುವುದೂ ಕಾರಣ.

ಶಿಕ್ಷಕರಲ್ಲಿ, ಡಿಟಿಪಿ ಅಂಗಡಿಯವರಲ್ಲಿ ಒಂದು ವಿನಂತಿ: ಪ್ರಶ್ನೆಪತ್ರಿಕೆಯನ್ನು ಬ್ರೈಲ್ ಮಾಡಿಸಲು ಕಳಿಸುವಾಗ ಪಿಡಿಎಫ್ ಒಂದನ್ನೇ ಕಳಿಸಬೇಡಿ. ಟೈಪ್ ಮಾಡಿದ ಮೂಲ ಕಡತವನ್ನೂ ಜತೆಗೆ ಕೊಡಿ, ಪರೀಕ್ಷೆಗೆ ಕೆಲವು ದಿನ ಮುಂಚೆಯೇ ಕೊಡಿ.